ಗುಂಡಿ ಒತ್ತುವ ಕೈ, ಉಳಿ ಹಿಡಿದ ಕೈ

ಸ್ವೀಡನ್ ದೇಶದ ಕಂಪನಿಯೊಂದು 2013ರಲ್ಲಿ ಒಂದು ಕಂಪ್ಯೂಟರ್ ಆಟವನ್ನು ಹೊರತಂದಿತು. 'ಯುರೋಪಾ ಯೂನಿವರ್ಸಾಲಿಸ್' ಎಂಬ ಸರಣಿಯ ನಾಲ್ಕನೆಯ ಆಟ ಅದು. ಹೆಸರಿಗೆ ಯುರೋಪು, ಆದರೆ ಅದರೊಳಗೆ ಇಡೀ ಭೂಮಂಡಲವೇ ಇದೆ. ಆಟ ಶುರುವಾಗುವುದು 1444ನೆಯ ಇಸವಿಯ ನವೆಂಬರ್ ತಿಂಗಳಲ್ಲಿ. ಆಡುವವನು ತನಗೆ ಬೇಕಾದ ರಾಜ್ಯವನ್ನು ಆರಿಸಿಕೊಂಡು ಆಳಬಹುದು. ಆ ಪಟ್ಟಿಯಲ್ಲಿ ನಮ್ಮ ವಿಜಯನಗರವೂ ಇದೆ. 1444 ಎಂದರೆ ಇಮ್ಮಡಿ ದೇವರಾಯ ಹಂಪಿಯಲ್ಲಿ ಆಳುತ್ತಿದ್ದ ಕಾಲ. ಹೆರಾತಿನ ಷಾರುಖ್ ಬಾದಶಹನ ರಾಯಭಾರಿ ಅಬ್ದುರ್ ರಜಾಕ್ ಆ ನಗರವನ್ನು ಕಂಡು ಬೆರಗಾದದ್ದು ಅದರ ಹಿಂದಿನ ವರ್ಷ.

ಇಂಥ ಆಟಗಳನ್ನು ಬರೀ ಆಡುವವರಿದ್ದಾರೆ, ಬಿಚ್ಚಿ ನೋಡಿ ತಿದ್ದುವವರೂ ಇದ್ದಾರೆ. ರಾಜನ ಹೆಸರು ತಪ್ಪಿದ್ದರೆ ಸರಿಪಡಿಸುತ್ತಾರೆ, ಇಲ್ಲದ ಊರನ್ನು ನಕ್ಷೆಯಲ್ಲಿ ಸೇರಿಸುತ್ತಾರೆ, ಹೊಸ ಕಟ್ಟಡ ಎಬ್ಬಿಸುತ್ತಾರೆ. ಇದಕ್ಕೆ 'ಮಾಡಿಂಗ್' ಎಂದು ಹೆಸರು. ನಮ್ಮ ಕಿವಿಗೆ ಅದು 'ಮಾಡು' ಎಂಬ ಕನ್ನಡದ ಮಾತಿನಿಂದಲೇ ಹುಟ್ಟಿದಂತೆ ಕೇಳಿಸುತ್ತದೆ!

ಈ ಹವ್ಯಾಸಕ್ಕೂ ಒಂದು ಚರಿತ್ರೆ ಇದೆ. 1993ರಲ್ಲಿ ಬಂದ 'ಡೂಮ್' ಎಂಬ ಅಮೆರಿಕದ ಆಟದಲ್ಲಿ ಚಿತ್ರ, ನಕ್ಷೆ, ಸದ್ದುಗಳನ್ನೆಲ್ಲ ಬೇರ್ಪಡಿಸಿ ಒಂದು ಪ್ರತ್ಯೇಕ ಕಡತದಲ್ಲಿ ಇಟ್ಟಿದ್ದರು. ಹವ್ಯಾಸಿಗಳು ಆ ಕಡತದ ಗುಟ್ಟನ್ನು ತಾವೇ ಬಿಡಿಸಿಕೊಂಡರು, ತಿದ್ದುವ ಸಲಕರಣೆಯನ್ನೂ ತಾವೇ ಬರೆದುಕೊಂಡರು. 2002ರ 'ಮಾರೋವಿಂಡ್' ಆಟದ ಹೊತ್ತಿಗೆ ಕಂಪನಿಯೇ ಸಲಕರಣೆಯನ್ನು ಆಟದ ಜೊತೆಗೆ ಕೊಟ್ಟಿತು. 2012ರಲ್ಲಿ 'ಸ್ಕೈರಿಮ್' ಆಟಕ್ಕೆ ಇನ್ನೊಬ್ಬರು ಮಾಡಿದ ತಿದ್ದುಪಡಿಯನ್ನು ಒಂದು ಗುಂಡಿ ಒತ್ತಿ ಇಳಿಸಿಕೊಳ್ಳುವ ಅನುಕೂಲ ಬಂತು. ಹಳಬರದು ಒಂದು ದೂರು: ಹೊಸ ಹುಡುಗರಿಗೆ ಎಲ್ಲವೂ ಸಿದ್ಧ ರೂಪದಲ್ಲಿ ಸಿಕ್ಕಿಬಿಟ್ಟಿದೆ, ಒಳಗೇನಿದೆ ಎನ್ನುವುದು ಅವರಿಗೆ ಗೊತ್ತಿಲ್ಲ. ಹೊಸಬರದು ಇನ್ನೊಂದು ದೂರು: ಬಾಗಿಲು ಕಿರಿದಾಗಿದ್ದಾಗ ಒಳಗೆ ಹೋದವರು ಈಗ ಅದು ಅಗಲವಾಯಿತಲ್ಲಾ ಎಂದು ಗೊಣಗುತ್ತಿದ್ದಾರೆ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ ಜಗಳ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಅನುಕೂಲವಾದ ಸಲಕರಣೆ ಬಂದಾಗ ಕಸುಬು ಬಡವಾಗುತ್ತದೆಯೇ? ಈ ಪ್ರಶ್ನೆಯನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನಡುವಿನ ಈ ಕಲ್ಲುನೆಲ ಆರುನೂರು ವರ್ಷಗಳಿಂದ ಕೇಳಿಕೊಳ್ಳುತ್ತಲೇ ಬಂದಿದೆ. ಉತ್ತರವನ್ನೂ ಇಲ್ಲಿಯೇ ಹುಡುಕಬಹುದು ಎಂದು ನಮಗನ್ನಿಸುತ್ತದೆ.

ಹಂಪಿಯಿಂದಲೇ ಶುರು ಮಾಡೋಣ. ಆಟ ಶುರುವಾಗುವ ವರ್ಷಕ್ಕೆ ಐದು ವರ್ಷ ಮೊದಲು, 1439ರಲ್ಲಿ, ದೇವರಾಯನ ಅಧಿಕಾರಿ ಅಹ್ಮದ್ ಖಾನ್ ಎಂಬಾತ ಹಂಪಿಯಲ್ಲಿ ಒಂದು ಕಟ್ಟಡ ಕಟ್ಟಿಸಿದ. ತನ್ನ ದೊರೆಗೆ ಪುಣ್ಯವಾಗಲೆಂದು ಧರ್ಮಸಾಲೆ ಮತ್ತು ಬಾವಿಯನ್ನು ಮಾಡಿಸಿದ್ದಾಗಿ ಅಲ್ಲಿಯ ಶಾಸನ ಹೇಳುತ್ತದೆ. ಆ ಕಟ್ಟಡವನ್ನು ನಾವು ಇಂದು ಅಹ್ಮದ್ ಖಾನನ ಮಸೀದಿ ಎಂದು ಗುರುತಿಸುತ್ತೇವೆ. ನೋಡಿದರೆ ಮಸೀದಿಯ ಹಾಗೆ ಕಾಣುವುದಿಲ್ಲ: ಗುಮ್ಮಟವಿಲ್ಲ, ಮಿನಾರವಿಲ್ಲ. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆ ಹೊರಿಸಿದ ಮಂಟಪ ಅದು. ದೇವಸ್ಥಾನಕ್ಕೆ ಕಂಬ ನಿಲ್ಲಿಸುವ ಶಿಲ್ಪಿಗಳ ಪದ್ಧತಿಯೇ ಇಲ್ಲಿಯೂ ದುಡಿದಿದೆ. ಪಕ್ಕದಲ್ಲೇ ಇರುವ ಗೋರಿಗೆ ಮಾತ್ರ ಗುಮ್ಮಟವಿದೆ. ಇದ್ದ ಪರಿಕರವನ್ನು ಹೊಸ ಕೆಲಸಕ್ಕೆ ಒಗ್ಗಿಸಿಕೊಳ್ಳುವುದು ಎಂದರೆ ಇದೇ ಅಲ್ಲವೇ?

ಇದರ ತಿರುವುಮುರುವು ಕಮಲ ಮಹಲಿನಲ್ಲಿದೆ. ಕೆಳಗೆ ದೇವಾಲಯದಂಥ ಅಧಿಷ್ಠಾನ, ನಡುವೆ ಬಹಮನಿ ಕಡೆಯಿಂದ ಬಂದ ಕಮಾನುಗಳು, ಮೇಲೆ ಗೋಪುರದಂಥ ಶಿಖರಗಳು. ಆನೆಲಾಯದ ಹನ್ನೊಂದು ಅಂಕಣಗಳ ಸಾಲಿನ ಮೇಲೆ ಬಗೆಬಗೆಯ ಗುಮ್ಮಟಗಳು. ಇವೆಲ್ಲ ಕಮಾನು, ಗುಮ್ಮಟ, ಗಾರೆಗಳ ಕೆಲಸ. ಕಣಶಿಲೆಯನ್ನು ಸೀಳುವುದಕ್ಕೆ ಹೋಲಿಸಿದರೆ ಗಾರೆ ಬಹಳ ಅನುಕೂಲದ ವಸ್ತು. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕನೆಯ ಗುಳಿಗಳನ್ನು ಯಾರು ಬೇಕಾದರೂ ಇಂದಿಗೂ ನೋಡಬಹುದು. ಒಂದು ಕಂಬದ ಕಲ್ಲನ್ನು ಬಂಡೆಯಿಂದ ಬಿಡಿಸಲು ಅಷ್ಟು ಗುಳಿ ತೋಡಿ, ಬೆಣೆ ಬಡಿದು, ಬಂಡೆಯ ಎಳೆ ಯಾವ ಕಡೆಗಿದೆ ಎಂದು ತಿಳಿದು ಸೀಳಬೇಕಿತ್ತು. ಗಾರೆಯಾದರೋ ಹಸಿಯಿರುವಾಗ ಹೇಳಿದ ಮಾತು ಕೇಳುತ್ತದೆ. ವಿರೂಪಾಕ್ಷ ಗುಡಿಯ ಗೋಪುರದ ಮೇಲಿನ ಅಂತಸ್ತುಗಳೂ ಇಟ್ಟಿಗೆ ಮತ್ತು ಗಾರೆಯವೇ.

ಹಾಗಾದರೆ ಗಾರೆ ಬಂದದ್ದರಿಂದ ಕಲ್ಲುಕುಟಿಗರ ಕೈ ಮರೆಗುಳಿಯಾಯಿತೇ? ಇಲ್ಲ. ಕಮಾನು, ಗುಮ್ಮಟಗಳು ಊರಿಗೆ ಬಂದು ನೆಲೆಸಿದ ಮೇಲೆ, 16ನೆಯ ಶತಮಾನದಲ್ಲಿ, ಅದೇ ನಗರದಲ್ಲಿ ವಿಠ್ಠಲ ದೇವಾಲಯದ ಗೊಂಚಲು ಕಂಬಗಳು ಎದ್ದು ನಿಂತವು. ಒಂದೇ ಕಲ್ಲಿನಲ್ಲಿ ಹಲವು ಸಣ್ಣ ಕಂಬಗಳನ್ನು ಬಿಡಿಸಿದ ಆ ಕೆಲಸಕ್ಕೆ ಸಾಟಿ ಹುಡುಕುವುದು ಕಷ್ಟ. ಎರಡು ಬಗೆಯ ಕೆಲಸಗಳೂ ಒಂದೇ ಊರಿನಲ್ಲಿ ಅಕ್ಕಪಕ್ಕ ಬದುಕಿದವು, ಯಾವುದಕ್ಕೆ ಯಾವುದು ಎನ್ನುವ ವಿವೇಕ ಕಟ್ಟುವವರಿಗಿತ್ತು. ಹಂಪಿಯಲ್ಲಿ ಆ ಕಸುಬು ನಿಂತದ್ದು ಸಲಕರಣೆಯಿಂದಲ್ಲ. 1565ರ ಯುದ್ಧದ ನಂತರ ಕೆಲಸ ಕೊಡುವವರೇ ಇಲ್ಲದಾದಾಗ. ಆ ಶೈಲಿ ನಾಯಕರ ಆಶ್ರಯ ಹಿಡಿದು ತಮಿಳು ನಾಡಿನಲ್ಲಿ ಮುಂದುವರಿಯಿತು. ಕಸುಬು ಹಾಳಾಯಿತು ಎಂದು ಸಲಕರಣೆಯನ್ನು ಬೈಯುವ ಮೊದಲು ಕಸುಬುದಾರನಿಗೆ ಅನ್ನ ಸಿಗುತ್ತಿದೆಯೇ ಎಂದು ಕೇಳಬೇಕು. ಇದು ಹಂಪಿ ಕಲಿಸುವ ಮೊದಲ ಪಾಠ.

ಎರಡನೆಯ ಪಾಠವೂ ಹಂಪಿಯದೇ, ಆದರೆ ಕಟ್ಟಿದವರದಲ್ಲ, ಹಾಳುಬಿದ್ದ ಮೇಲೆ ಅದನ್ನು ಅಳೆದವರದು. ಕರ್ನಲ್ ಮೆಕೆಂಜಿ 1799ರಲ್ಲಿ ಈ ಅವಶೇಷಗಳ ಮೊದಲ ನಕ್ಷೆ ಮಾಡಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೋ ತೆಗೆದ. ಆ ಕಾಗದವನ್ನು ಸಿದ್ಧಮಾಡುವುದೂ, ತೊಳೆಯುವುದೂ ಅವನ ಕೆಲಸವೇ. ನೂರಕ್ಕೂ ಹೆಚ್ಚು ವರ್ಷಗಳ ನಂತರ, 1983ರಲ್ಲಿ, ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಕ್ಯಾಮೆರಾ ಹಿಡಿದರು. 1980ರಿಂದ ಎರಡು ದಶಕ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಅವರು ದೇಶ ವಿದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಟೇಪು ಹಿಡಿದು, ಪೆನ್ಸಿಲಿನಿಂದ ಗುಡಿ, ಗೋಡೆ, ಬಾವಿ, ಮುರಿದ ಅಡಿಪಾಯಗಳನ್ನು ಕಾಗದಕ್ಕಿಳಿಸಿದರು. 2010ರ ನಂತರ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯಲ್ಲಿ ಲೇಸರ್ ಯಂತ್ರಗಳು ಬಂದವು. ಆ ಕೆಲಸದ ಫಲವಾಗಿ 'ಡಿಜಿಟಲ್ ಹಂಪಿ' ಎಂಬ ಗ್ರಂಥ 2017ರಲ್ಲಿ ಹೊರಬಂತು.

ಲೇಸರ್ ಯಂತ್ರ ಕಣ್ಣು ಕಾಣದ್ದನ್ನೂ ಕಾಣುತ್ತದೆ. ಕಂಬವೊಂದು ಕೂದಲೆಳೆಯಷ್ಟು ವಾಲಿದರೂ ಹಿಂದಿನ ಅಳತೆಗೆ ಹೋಲಿಸಿ ಹೇಳಬಹುದು. ಟೇಪು ಹಿಡಿದ ವಿದ್ಯಾರ್ಥಿಗೆ ಇದು ಸಾಧ್ಯವಿರಲಿಲ್ಲ. ಆದರೆ ಆ ವಿದ್ಯಾರ್ಥಿಗೆ ಸಾಧ್ಯವಾಗಿದ್ದ ಒಂದು ಸಂಗತಿ ಯಂತ್ರಕ್ಕೆ ಸಾಧ್ಯವಿಲ್ಲ. ಗೆರೆ ಎಳೆಯುವ ಮೊದಲು ಅವನು ತೀರ್ಮಾನಿಸಬೇಕಿತ್ತು: ಇದು ಹೊಸ್ತಿಲೋ, ಬರೀ ಬಿದ್ದ ಕಲ್ಲೋ? ಈ ಗೋಡೆ ಮೊದಲಿನದೋ, ಆಮೇಲೆ ಯಾರೋ ಸೇರಿಸಿದ್ದೋ? ಯಂತ್ರ ಕೋಟ್ಯಂತರ ಬಿಂದುಗಳನ್ನು ಕೊಡುತ್ತದೆ, ಯಾವ ಬಿಂದು ಹೊಸ್ತಿಲು ಎಂದು ಹೇಳುವುದಿಲ್ಲ. ಮೊದಲು ಅಳೆಯುವ ಕೆಲಸದಲ್ಲಿಯೇ ಕಲಿಕೆ ಅಡಗಿತ್ತು. ಈಗ ಅಳತೆ ಬೇರೆಯಾಗಿದೆ, ಕಲಿಕೆಯನ್ನು ಪ್ರತ್ಯೇಕವಾಗಿ ಕಲಿಸಬೇಕಾಗಿದೆ. ಕಲಿಸದಿದ್ದರೆ ಚಿತ್ರ ಸುಂದರವಾಗಿರುತ್ತದೆ, ಅದನ್ನು ಓದಬಲ್ಲವರು ಕಡಿಮೆಯಾಗುತ್ತಾರೆ. ಆಟಕ್ಕೆ ಹಂಪಿಯ ಮಂಟಪವನ್ನು ಕೂಡಿಸಲು ಹೊರಟ ಹುಡುಗನ ಸಮಸ್ಯೆಯೂ ಇದೇ. ಕಂಬದ ಚಿತ್ರ ಸಿದ್ಧವಾಗಿ ಸಿಗುತ್ತದೆ. ಕಂಬದ ಮೇಲೆ ಬೋದಿಗೆ ಏಕಿರುತ್ತದೆ ಎನ್ನುವುದು ಅದರ ಜೊತೆಗೆ ಬರುವುದಿಲ್ಲ.

ಕಲ್ಲಿನಿಂದ ಅಕ್ಷರಕ್ಕೆ ಬರೋಣ. ಉರ್ದು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಈ ಪ್ರಶ್ನೆ ಕಾತಿಬರ ರೂಪದಲ್ಲಿ ಎದುರಾಗಿತ್ತು. ಉರ್ದುವಿನ ನಸ್ತಾಲೀಖ್ ಬರಹದಲ್ಲಿ ಅಕ್ಷರಗಳು ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತವೆ, ಪಕ್ಕದ ಅಕ್ಷರ ಯಾವುದು ಎನ್ನುವುದರ ಮೇಲೆ ಪ್ರತಿ ಅಕ್ಷರದ ಆಕಾರವೂ ಬದಲಾಗುತ್ತದೆ. ಸೀಸದ ಅಚ್ಚುಮೊಳೆಗಳಿಗೆ ಇದು ಒಗ್ಗಲಿಲ್ಲ. ಆದ್ದರಿಂದ ಕಾತಿಬರು ಬಿದಿರಿನ ಕಲಮಿನಿಂದ ಬರೆದದ್ದನ್ನೇ ಕಲ್ಲಚ್ಚಿನಲ್ಲಿ, ಮುಂದೆ ಆಫ್‌ಸೆಟ್ಟಿನಲ್ಲಿ ಮುದ್ರಿಸುತ್ತಿದ್ದರು. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಎಂಬ ಖುಷ್‌ನವೀಸ್ ಸಾವಿರಾರು ಅಕ್ಷರಗೊಂಚಲುಗಳನ್ನು ಬರೆದು, ಮಾನೋಟೈಪ್ ಕಂಪನಿಯ ನೆರವಿನಿಂದ ಕಂಪ್ಯೂಟರಿಗೆ ಅಳವಡಿಸಿದರು. ತಂದೆ ನೂರ್ ಅಹ್ಮದರ ಹೆಸರಿನಲ್ಲಿ ಅದಕ್ಕೆ 'ನೂರಿ ನಸ್ತಾಲೀಖ್' ಎಂದು ಹೆಸರಿಟ್ಟರು. 1994ರಲ್ಲಿ ದಿಲ್ಲಿಯ ಕಂಪನಿಯೊಂದು 'ಇನ್‌ಪೇಜ್' ತಂತ್ರಾಂಶ ತಂದಿತು. ಕೆಲವೇ ವರ್ಷಗಳಲ್ಲಿ ಕಾತಿಬರ ಕೆಲಸ ಹೋಯಿತು.

ಹೋದದ್ದು ಬರೀ ಉದ್ಯೋಗವಲ್ಲ. ಉಸ್ತಾದನ ಮುಂದೆ ಕೂತು, ತಖ್ತಿಯ ಮೇಲೆ 'ಅಲಿಫ್' ಒಂದನ್ನೇ ತಿಂಗಳುಗಟ್ಟಲೆ ತಿದ್ದುವ ಶಾಗಿರ್ದನ ದಾರಿಯೂ ಮುಚ್ಚಿತು. ಆದರೆ ನಾವು ಇದನ್ನು ಬರೀ ಶೋಕಗೀತೆ ಮಾಡಲು ಒಪ್ಪುವುದಿಲ್ಲ. ಕಾತಿಬನಿಲ್ಲದ ಸಣ್ಣ ಊರಿನಲ್ಲಿಯೂ ಉರ್ದು ಕರಪತ್ರ, ಮದುವೆ ಕಾಗದ, ಕಥಾಸಂಕಲನ ಅಚ್ಚಾಗುವುದು ಸಾಧ್ಯವಾಯಿತು. ಉಸ್ತಾದರ ಅಂಗಡಿಗಳಿಗೆ ಹೋಗಿ ಕೂರಲಾಗದ ಹೆಣ್ಣುಮಕ್ಕಳು ಮನೆಯಲ್ಲಿ ಕೂತು ಪುಟ ಕಟ್ಟಬಹುದಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯಿದೆ. ಆ ತಂತ್ರಾಂಶ ಕಾತಿಬನನ್ನು ಹೊರಗೆ ಹಾಕಿತು ಎನ್ನುತ್ತೇವೆ. ನಿಜವಾಗಿ ಒಬ್ಬ ಮಹಾ ಕಾತಿಬ ಅದರೊಳಗೇ ಕೂತಿದ್ದಾನೆ. ನಾವು ಒತ್ತುವ ಪ್ರತಿ ಗುಂಡಿಯ ಹಿಂದೆ ಅವನ ಕೈ ಇದೆ. ಅವನು ಬರೆಯದ ಗೊಂಚಲು ಬೇಕಾದಾಗ ಗುಂಡಿ ಒತ್ತುವವನಿಗೆ ದಾರಿಯಿಲ್ಲ, ಮತ್ತೆ ಕಲಂ ಹಿಡಿಯಬಲ್ಲವನೇ ಬೇಕು.

ಕನ್ನಡದಲ್ಲಿ ಇದೇ ಕಥೆ ಇನ್ನೊಂದು ತಿರುವು ಪಡೆಯಿತು. 1998ರಲ್ಲಿ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಿಂದ ಕನ್ನಡ ಟೈಪಿಂಗ್ ಸಾಮಾನ್ಯನ ಕೈಗೆ ಸಿಕ್ಕಿತು. ಆದರೆ ಒಂದರಲ್ಲಿ ಬೆರಳಚ್ಚಿಸಿದ್ದು ಇನ್ನೊಂದರಲ್ಲಿ ತೆರೆದರೆ ಕಸದ ರಾಶಿಯಂತೆ ಕಾಣುತ್ತಿತ್ತು. ಯೂನಿಕೋಡ್ ಬಂದ ಮೇಲೆ ಹಳೆಯ ಕಡತಗಳನ್ನೆಲ್ಲ ಹೊಸದಕ್ಕೆ ಸಾಗಿಸಬೇಕಾಯಿತು. ಆಗ ಯಾರ ಆಜ್ಞೆಗೂ ಕಾಯದೆ, ಒಂದೊಂದು ಒತ್ತು, ಒಂದೊಂದು ಅರ್ಕಾವತ್ತು ಫಾಂಟಿನ ಯಾವ ಮನೆಯಲ್ಲಿ ಕೂತಿದೆ ಎಂದು ಹುಡುಕಿ, ಪರಿವರ್ತಕಗಳನ್ನು ಬರೆದುಕೊಟ್ಟವರು ಕನ್ನಡದ ಹವ್ಯಾಸಿ ತರುಣರು. ಅನುಕೂಲ ಎಲ್ಲರನ್ನೂ ಸೋಮಾರಿಯಾಗಿಸಲಿಲ್ಲ. ಬಳಸುವವರು ಲಕ್ಷ ಜನ ಇರಬಹುದು. ಒಳಗೆ ಇಳಿದು ನೋಡುವ ಹತ್ತು ಜನ ಇದ್ದರೆ ಆ ಲಕ್ಷದ ಬರಹ ಉಳಿಯುತ್ತದೆ.

ಸಂಡೂರಿನ ತಾಂಡಾಗಳ ಹೆಣ್ಣುಮಕ್ಕಳು ಈ ಪ್ರಶ್ನೆಗೆ ತಮ್ಮದೇ ಉತ್ತರ ಕೊಟ್ಟಿದ್ದಾರೆ. ಲಂಬಾಣಿ ಕಸೂತಿಯಲ್ಲಿ ಕಿಲನ್, ವೇಲೆ, ಮಾಕಿ, ರೇಲೊ, ನಾಕ್ರಾ ಮುಂತಾದ ಹಲವು ಹೊಲಿಗೆಗಳಿವೆ. ಇವತ್ತು ಕಂಪ್ಯೂಟರ್ ಕಸೂತಿ ಯಂತ್ರಕ್ಕೆ ವಿನ್ಯಾಸವೊಂದನ್ನು ತುಂಬಿದರೆ ಸಾಕು, ಅದು ಗಂಟೆಯೊಳಗೆ ಬಟ್ಟೆ ತುಂಬಿಸಿಬಿಡುತ್ತದೆ. ಆದರೆ ಯಂತ್ರ ಹೊಲಿಯುವುದು ಎರಡು ದಾರಗಳಿಂದ, ಒಂದು ಮೇಲಿನದು, ಒಂದು ಕೆಳಗಿನ ಬಾಬಿನ್ನಿನದು. ಕೈ ಹೊಲಿಯುವುದು ಒಂದೇ ದಾರದಿಂದ. ಬಟ್ಟೆಯನ್ನು ಹಿಂದುಮುಂದು ಮಾಡಿ ನೋಡಿದರೆ ಬಲ್ಲವರಿಗೆ ಗೊತ್ತಾಗುತ್ತದೆ. ಸಂಡೂರು ಕುಶಲ ಕಲಾ ಕೇಂದ್ರ ಕೈಕೆಲಸವನ್ನೇ ಹಿಡಿದು ನಿಂತಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಯಂತ್ರವನ್ನು ಯಾರೂ ನಿಷೇಧಿಸಲಿಲ್ಲ. ಕೈಯ ಕೆಲಸಕ್ಕೆ ಹೆಸರು, ಬೆಲೆ, ಕಲಿಯುವ ಜಾಗ ಮೂರೂ ಸಿಕ್ಕಿದ್ದರಿಂದ ಅದು ಉಳಿಯಿತು. ತಾಯಿಯ ಪಕ್ಕ ಮಗಳು ಸೂಜಿ ಹಿಡಿದು ಕೂರುವುದಕ್ಕೆ ಕಾರಣವೊಂದು ಇದ್ದರೆ ಮಾತ್ರ ಅವಳು ಕೂರುತ್ತಾಳೆ.

ಕಂಪ್ಲಿಯ ಕಡೆ ತುಂಗಭದ್ರೆಯಲ್ಲಿ ತೇಲುವ ಹರಿಗೋಲು ಇದನ್ನೇ ಇನ್ನಷ್ಟು ಸರಳವಾಗಿ ಹೇಳುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಹೊಳೆಯ ದುಂಡನೆಯ ಬುಟ್ಟಿದೋಣಿಗಳನ್ನು ಕಂಡು ಬರೆದಿದ್ದಾನೆ. ಅವಕ್ಕೆ ಆಗ ಚರ್ಮದ ಹೊದಿಕೆ ಇತ್ತು. ಈಗ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿಯುತ್ತಾರೆ. ಚರ್ಮ ಹದಮಾಡುವ ತಾಪತ್ರಯ ತಪ್ಪಿತು. ಆದರೆ ಒಳಗಿನ ಬಿದಿರಿನ ಹೆಣಿಗೆ ಹಾಗೆಯೇ ಇದೆ, ಅದನ್ನು ಹೆಣೆಯಲು ಬಲ್ಲವನೇ ಬೇಕು. ಹೊದಿಕೆಯಲ್ಲಿ ಅನುಕೂಲ ಬಂದರೆ ಕಸುಬಿಗೆ ಹಾನಿಯಿಲ್ಲ, ಹೆಣಿಗೆ ಮರೆತರೆ ಹರಿಗೋಲೇ ಇಲ್ಲ. ಸೇತುವೆಗಳು ಬಂದ ಮೇಲೆ ಹೊಳೆ ದಾಟಲು ಹರಿಗೋಲು ಬೇಕಿಲ್ಲ, ನಿಜ. ಆದರೆ ಹೊಳೆ ಉಕ್ಕಿ ಕಂಪ್ಲಿ ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಲ್ಲುವ ದಿನಗಳಲ್ಲಿ, ಈ ನೀರಿನ ಸೆಳೆತ ಬಲ್ಲವರು ಯಾರು ಎಂದು ಊರು ಸುತ್ತಲೂ ನೋಡುತ್ತದೆ.

ಹೀಗೆ ಸುತ್ತಲೂ ನೋಡಬೇಕಾದ ಒಂದು ರಾತ್ರಿ ಹೊಸಪೇಟೆಗೂ ಬಂತು. ತುಂಗಭದ್ರಾ ಅಣೆಕಟ್ಟಿನ ಶಂಕುಸ್ಥಾಪನೆಯಾದದ್ದು 1945ರಲ್ಲಿ, ನೀರು ನಿಂತದ್ದು 1953ರಲ್ಲಿ. ಅದರ 33 ಗೇಟುಗಳು ಸರಪಳಿಯ ಮೇಲೆ ಏರಿಳಿಯುತ್ತವೆ. ಏಳು ದಶಕ ಅವು ಹೇಳಿದಂತೆ ಕೇಳಿದವು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ, 60 ಅಡಿ ಅಗಲದ ಬಾಯಿ, ಕೆಳಗೆ ಮೂರು ರಾಜ್ಯಗಳ ರೈತರ ಬೆಳೆ. ನೀರು ಪೂರ್ತಿ ಇಳಿಯುವವರೆಗೆ ಕಾಯಬೇಕೆಂದರೆ ಆ ವರ್ಷದ ಬೆಳೆಯ ಆಸೆ ಬಿಡಬೇಕು. ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಬೇಕೆಂದರೆ ಆ ಕೆಲಸ ಬಲ್ಲವರು ಬೇಕು. ಹಾಗೆ ಕರೆಸಿಕೊಂಡವರು ಕನ್ನಯ್ಯ ನಾಯ್ಡು, ಗೇಟುಗಳ ಕೆಲಸದಲ್ಲೇ ಆಯುಷ್ಯ ಸವೆಸಿ ನಿವೃತ್ತರಾದವರು. ಸುತ್ತಲಿನ ಕಾರ್ಖಾನೆಗಳಲ್ಲಿ ಉಕ್ಕಿನ ತಡೆಹಲಗೆಗಳು ಸಿದ್ಧವಾದವು, ಕ್ರೇನುಗಳು ಬಂದವು. ಒಂದರ ಮೇಲೊಂದರಂತೆ ಐದು ತುಂಡುಗಳು ರಭಸದ ನೀರಿನಲ್ಲಿ ಇಳಿದವು. ಆಗಸ್ಟ್ 17ರ ಹೊತ್ತಿಗೆ ಬಾಯಿ ಮುಚ್ಚಿತು.

ಆ ವಾರ ಕ್ರೇನೂ ಬೇಕಿತ್ತು, ಲೆಕ್ಕ ಹಾಕುವ ಕಂಪ್ಯೂಟರೂ ಬೇಕಿತ್ತು, ಬೆವರು ಸುರಿಸಿದ ಕೆಲಸಗಾರರೂ ಬೇಕಿತ್ತು. ಜೊತೆಗೆ, ನೀರು ಹೀಗೆ ತಳ್ಳಿದರೆ ಉಕ್ಕು ಹೀಗೆ ವಾಲುತ್ತದೆ ಎಂದು ಅನುಭವದಿಂದ ಬಲ್ಲ ಒಂದು ಹಿರಿಯ ತಲೆ ಬೇಕಿತ್ತು. ಆ ತಲೆ ಸಿಕ್ಕಿತೆಂದು ನಾವೆಲ್ಲ ಸಂಭ್ರಮಿಸಿದೆವು. ಸಂಭ್ರಮದ ನಡುವೆ ಕೇಳಬೇಕಾದ ಪ್ರಶ್ನೆ, ಅವರ ಹಿಂದೆ ಯಾರಿದ್ದಾರೆ? ಅನುಕೂಲದ ನಿಜವಾದ ಅಪಾಯ ಇರುವುದು ಇಲ್ಲಿ. ಸಲಕರಣೆ ಚೆನ್ನಾಗಿ ನಡೆಯುತ್ತಿರುವಷ್ಟು ದಿನ ಒಳಗಿನ ವಿದ್ಯೆ ಬೇಕಾಗುವುದಿಲ್ಲ. ಬೇಕಾಗದ ವಿದ್ಯೆಯನ್ನು ಯಾರೂ ಕಲಿಸುವುದಿಲ್ಲ. ಅದು ನಾಶವಾಗುವುದಿಲ್ಲ, ಕೆಲವೇ ಜನರಲ್ಲಿ ಉಳಿದು ಅವರ ಜೊತೆ ಮುದಿಯಾಗುತ್ತದೆ.

ಹಾಗಾಗಿ ಆಟ ತಿದ್ದುವ ಹುಡುಗರ ಜಗಳಕ್ಕೆ ನಮ್ಮ ಉತ್ತರ ಇಷ್ಟು. ಸಿದ್ಧ ಸಲಕರಣೆ ಬಂದದ್ದರಿಂದ ಒಳಗೆ ಬಂದವರನ್ನು ಹೀಯಾಳಿಸಬೇಡಿ. ಅವರಲ್ಲಿ ಬಡವರ ಮಕ್ಕಳಿದ್ದಾರೆ, ಇಂಗ್ಲಿಷ್ ಬಾರದವರಿದ್ದಾರೆ, ಗುರು ಸಿಗದವರಿದ್ದಾರೆ. ಕಿರಿದಾದ ಬಾಗಿಲನ್ನು ಪ್ರತಿಭೆಯ ಪರೀಕ್ಷೆ ಎಂದು ಕರೆಯುವ ಚಾಳಿ ನಮ್ಮ ದೇಶದಲ್ಲಿ ಬಹಳ ಹಳೆಯದು, ಅದರ ನೋವು ಉಂಡವರಿಗೇ ಗೊತ್ತು. ಆದರೆ ಬಾಗಿಲು ದೊಡ್ಡದು ಮಾಡಿದ ಮೇಲೆ ಒಳಗೆ ಏಣಿಯನ್ನೂ ಇಡಬೇಕು. ಗುಂಡಿ ಒತ್ತಲು ಬಂದವನಿಗೆ ಗುಂಡಿಯ ಹಿಂದೇನಿದೆ ಎಂದು ತೋರಿಸುವವರು, ಕಡತವನ್ನು ಕೈಯಿಂದ ತಿದ್ದಿ ನೋಡು ಎನ್ನುವವರು, ಕೆಟ್ಟರೆ ಮತ್ತೆ ಮಾಡು ಎಂದು ಬೆನ್ನು ತಟ್ಟುವವರು ಇರಬೇಕು. ಸಲಕರಣೆಯನ್ನು ಮಾಡುವ ಕಂಪನಿಗಳು ಒಳಬಾಗಿಲಿಗೆ ಬೀಗ ಹಾಕಬಾರದು. ಹಳಬರು ಗೊಣಗುವ ಬದಲು ಶಾಗಿರ್ದರನ್ನು ಹತ್ತಿರ ಕೂರಿಸಿಕೊಳ್ಳಬೇಕು.

ಮುಂದೊಂದು ದಿನ ಹೊಸಪೇಟೆಯ ಹುಡುಗನೋ ಹುಡುಗಿಯೋ ಆ 1444ರ ಆಟದೊಳಗೆ ಅಹ್ಮದ್ ಖಾನನ ಮಸೀದಿಯನ್ನು ಕೂಡಿಸಬಹುದು. ಸಿದ್ಧ ಸಲಕರಣೆಯಲ್ಲಿ 'ಮಸೀದಿ' ಎಂದು ಒತ್ತಿದರೆ ಗುಮ್ಮಟ, ಮಿನಾರಗಳ ಕಟ್ಟಡವೇ ಬರುತ್ತದೆ. ಅದನ್ನು ಅಳಿಸಿ, ಕಂಬ ತೊಲೆಗಳ ಮಂಟಪವನ್ನು ಅಲ್ಲಿ ನಿಲ್ಲಿಸಬೇಕಾದರೆ ಆ ಮಗು ಒಮ್ಮೆ ಹಂಪಿಗೆ ಹೋಗಿ, ಆ ಕಲ್ಲಿನ ಮುಂದೆ ನಿಂತು ನೋಡಿರಬೇಕು. ಹತ್ತು ಮೈಲಿಯೊಳಗಿನ ದಾರಿ ಅದು. ಕರೆದುಕೊಂಡು ಹೋಗುವ ಕೆಲಸ ನಮ್ಮದು.